ನುಗ್ಗೇಹಳ್ಳಿಯ ಎರಡು ಭಿತ್ತಿಗಳು: ಗ್ರಹಿಕೆ, ಕಲಿಕೆ, ಸ್ಮೃತಿ, ಭಾವಗಳ ನೆಲೆಯಲ್ಲಿ ಶಿಲ್ಪವಿಮರ್ಶೆ

ಹೊಯ್ಸಳ ಶಿಲ್ಪವನ್ನು ಕುರಿತ ನಮ್ಮ ವಿಮರ್ಶೆ ಬಹುಮಟ್ಟಿಗೆ ಶಾಸನ, ಪ್ರತಿಮಾಲಕ್ಷಣ ಮತ್ತು ವಾಸ್ತುವಿನ್ಯಾಸ ಎಂಬ ಮೂರು ಆಧಾರಗಳ ಮೇಲೆ ಬೆಳೆದುಬಂದಿದೆ. ಈ ಮೂರೂ ಕಲ್ಲಿನಲ್ಲಿ ಇರುವಂಥವು. ಕಲ್ಲಿನ ಎದುರು ನಿಂತು ನೋಡುವವನ ಮನಸ್ಸಿನಲ್ಲಿ ನಡೆಯುವುದೇನು ಎಂಬ ಪ್ರಶ್ನೆಯನ್ನು ರಸಸಿದ್ಧಾಂತದ ಹೆಸರಿನಲ್ಲಿ ಆಗಾಗ ಎತ್ತಿದ್ದರೂ, ಒಂದು ನಿರ್ದಿಷ್ಟ ದೇವಾಲಯದ ನಿರ್ದಿಷ್ಟ ಗೋಡೆಯ ಮುಂದೆ ಅದನ್ನು ಪರೀಕ್ಷಿಸಿದ್ದು ಕಡಿಮೆ. ಇತ್ತ ಮನಃಶಾಸ್ತ್ರದ ಸ್ಥಿತಿಯೂ ಭಿನ್ನವಲ್ಲ. ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಮನಃಶಾಸ್ತ್ರ ವಿಭಾಗ ಆರಂಭವಾದರೂ, ಗ್ರಹಿಕೆ, ಕಲಿಕೆ, ಸ್ಮೃತಿ, ಭಾವೋದ್ವೇಗಗಳನ್ನು ಬೋಧಿಸುವಾಗ ಪ್ರಯೋಗಶಾಲೆಯ ನಾಯಿ, ಇಲಿ, ಅರ್ಥರಹಿತ ಪದಗಳ ಉದಾಹರಣೆಗಳನ್ನೇ ಮುಂದಿಡುವ ರೂಢಿ ಬಲವಾಗಿ ಉಳಿದಿದೆ. ಎರಡು ಶಿಸ್ತುಗಳ ನಡುವಣ ಈ ಅಂತರದಿಂದ ಶಿಲ್ಪವಿಮರ್ಶೆಗೆ ಆಗಿರುವ ನಷ್ಟವೇನು ಎಂಬುದನ್ನು ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಮುಂದಿಟ್ಟುಕೊಂಡು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಈ ಗ್ರಾಮದಲ್ಲಿ ಹೊಯ್ಸಳ ಸೋಮೇಶ್ವರನ ದಂಡನಾಯಕನಾದ ಬೊಮ್ಮಣ್ಣನು ಕ್ರಿ.ಶ. 1246ರಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದನು. ಸದಾಶಿವ ದೇವಾಲಯದ ಕಾಲ 1249. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರ ಗಮನ ಆ ಮೂರು ಸ್ಥಳಗಳತ್ತ ಇನ್ನಷ್ಟು ವಾಲಿದೆ. ಸಂಶೋಧಕರ ಮಟ್ಟಿಗೆ ನುಗ್ಗೇಹಳ್ಳಿಗೆ ಬೇರೆಯದೇ ಮಹತ್ತ್ವವಿದೆ. ಇಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಇಬ್ಬರು ರೂವಾರಿಗಳ ಹೆಸರುಗಳು ವಿಗ್ರಹಗಳ ಪೀಠಗಳಲ್ಲಿ ಕೊರೆಯಲ್ಪಟ್ಟಿವೆ. ಅಷ್ಟೇ ಅಲ್ಲ, ದಕ್ಷಿಣದ ಭಿತ್ತಿ ಬೈಚೋಜನದು, ಉತ್ತರದ ಭಿತ್ತಿ ಮಲ್ಲಿತಮ್ಮನದು ಎಂದು ಹೇಳಬಹುದಾದ ರೀತಿಯಲ್ಲಿ ಅವು ಹಂಚಿಹೋಗಿವೆ. ಒಂದೇ ಕಟ್ಟಡ, ಒಂದೇ ಬಳಪದ ಕಲ್ಲು, ಒಂದೇ ಯೋಜನೆ, ಒಬ್ಬನೇ ಪೋಷಕ, ಎರಡು ಕೈಗಳು. ತುಲನಾತ್ಮಕ ವಿಮರ್ಶೆಗೆ ಇದಕ್ಕಿಂತ ಅನುಕೂಲವಾದ ಸಂದರ್ಭ ಸುಲಭವಾಗಿ ಸಿಗುವುದಿಲ್ಲ.

ಬೈಚೋಜನ ವಿಗ್ರಹಗಳಲ್ಲಿ ಗಾಂಭೀರ್ಯ, ಮೈಕಟ್ಟಿನ ನಯ ಹೆಚ್ಚು, ಮಲ್ಲಿತಮ್ಮನಲ್ಲಿ ಆಭರಣದ ವೈಭವ ಹೆಚ್ಚು ಎಂಬ ಧಾಟಿಯ ಹೋಲಿಕೆ ಈ ದೇವಾಲಯದ ಚರ್ಚೆಯಲ್ಲಿ ಕೇಳಿಬರುವುದುಂಟು. ಈ ಹೋಲಿಕೆ ತಪ್ಪೆಂದು ಇಲ್ಲಿ ವಾದಿಸುತ್ತಿಲ್ಲ. ಅದು ಯಾವ ಬಗೆಯ ಜ್ಞಾನ ಎಂಬುದಷ್ಟೇ ಪ್ರಶ್ನೆ. ಅದು ಕಣ್ಣು ಕಂಡದ್ದೋ, ಪೀಠದ ಬರೆಹ ಹೇಳಿದ್ದೋ, ಹೊತ್ತು ಹೇಳಿದ್ದೋ, ನಡೆದ ದಾರಿ ಹೇಳಿದ್ದೋ?

ಮೊದಲು ಬರೆಹದ ಮಾತು. ಗ್ರಹಿಕೆ ಎಂದರೆ ಇಂದ್ರಿಯ ತಂದುಕೊಟ್ಟದ್ದನ್ನು ಹಾಗೆಯೇ ಸ್ವೀಕರಿಸುವುದಲ್ಲ ಎಂಬುದು ಹತ್ತೊಂಬತ್ತನೆಯ ಶತಮಾನದ ಹೆಲ್ಮ್‌ಹೋಲ್ಟ್ಸ್‌ನಿಂದ ಈಚೆಗೆ ಮನಃಶಾಸ್ತ್ರದ ಸಾಮಾನ್ಯ ತಿಳಿವಳಿಕೆ. ಅವನ ಪ್ರಕಾರ ಪ್ರತಿಯೊಂದು ಗ್ರಹಿಕೆಯಲ್ಲಿಯೂ ಅರಿವಿಗೆ ಬಾರದ ಒಂದು ಅನುಮಾನಕ್ರಿಯೆ ಅಡಗಿದೆ. 1949ರಲ್ಲಿ ಬ್ರೂನರ್ ಮತ್ತು ಪೋಸ್ಟ್‌ಮನ್ ನಡೆಸಿದ ಇಸ್ಪೀಟು ಎಲೆಗಳ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಕಪ್ಪಾಗಿರಬೇಕಾದ ಎಲೆಯನ್ನು ಕೆಂಪು ಬಣ್ಣದಲ್ಲಿ ಮುದ್ರಿಸಿ ಕ್ಷಣಕಾಲ ತೋರಿಸಿದಾಗ ಹಲವರು ಅದನ್ನು ತಾವು ನಿರೀಕ್ಷಿಸಿದ ಎಲೆಯನ್ನಾಗಿಯೇ ಕಂಡರು. ಅವರು ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಹಾಗೆಯೇ ಕಂಡರು. ಪೀಠದಲ್ಲಿ ಮಲ್ಲಿತಮ್ಮ ಎಂಬ ಹೆಸರನ್ನು ಓದಿ ತಲೆಯೆತ್ತುವ ವಿದ್ವಾಂಸನ ಕಣ್ಣು ಇದಕ್ಕೆ ಹೊರತಾಗಬೇಕಾದ ಕಾರಣವಿಲ್ಲ. ಹೆಸರು ಮೊದಲು ಬಂದರೆ ಶೈಲಿ ಅದರ ಹಿಂದೆ ಬರುತ್ತದೆ. ನಮ್ಮಲ್ಲಿ ಶಿಲ್ಪವಿಮರ್ಶೆಯು ಶಾಸನಶಾಸ್ತ್ರದ ತೊಟ್ಟಿಲಲ್ಲಿ ಬೆಳೆದದ್ದು ಒಂದು ಭಾಗ್ಯ. ಬಿ. ಎಲ್. ರೈಸ್ ಅವರ ಹಾಸನ ಜಿಲ್ಲೆಯ ಶಾಸನ ಸಂಪುಟವಾಗಲಿ, ಆರ್. ನರಸಿಂಹಾಚಾರ್ಯರ ದೇವಾಲಯ ಅಧ್ಯಯನಗಳಾಗಲಿ, 1992ರಲ್ಲಿ ಪ್ರಕಟವಾದ ಷ. ಶೆಟ್ಟರ್ ಅವರ ಹೊಯ್ಸಳ ದೇವಾಲಯಗಳ ಬೃಹತ್ ಗ್ರಂಥವಾಗಲಿ ಇಲ್ಲದಿದ್ದರೆ ರೂವಾರಿಗಳು ಅನಾಮಿಕರಾಗಿಯೇ ಉಳಿಯುತ್ತಿದ್ದರು. ಆದರೆ ಅದೇ ಭಾಗ್ಯದಿಂದ ಓದಿದ ಮೇಲೆ ನೋಡುವ ಅಭ್ಯಾಸವೂ ನಮಗೆ ಅಂಟಿಕೊಂಡಿದೆ.

ಎರಡನೆಯದು ಬೆಳಕು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಇದು ಊಹೆಯ ಮಾತಲ್ಲ, ಲೆಕ್ಕದ ಮಾತು. ನುಗ್ಗೇಹಳ್ಳಿ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುವುದು ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಾತ್ರ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೆಯ ವಾರದವರೆಗೆ, ಅಂದರೆ ಆಕಾಶ ಬಹುಮಟ್ಟಿಗೆ ಶುಭ್ರವಾಗಿರುವ ಮತ್ತು ಯಾತ್ರಿಕರೂ ಛಾಯಾಗ್ರಾಹಕರೂ ಹೆಚ್ಚಾಗಿ ಬರುವ ಆರು ತಿಂಗಳ ಕಾಲ, ಸೂರ್ಯ ದಿನವಿಡೀ ದಕ್ಷಿಣದ ಕಡೆಯಲ್ಲಿಯೇ ಇರುತ್ತಾನೆ. ಬೈಚೋಜನ ಭಿತ್ತಿಗೆ ಆಗ ನೇರ ಬಿಸಿಲು, ಮಲ್ಲಿತಮ್ಮನ ಭಿತ್ತಿಗೆ ಚದುರಿದ ಬೆಳಕು. ಉತ್ತರ ಭಿತ್ತಿಗೆ ನಡುಹಗಲ ಬಿಸಿಲು ದಕ್ಕುವ ತಿಂಗಳುಗಳಲ್ಲಿಯೂ ಅದು ಹೆಚ್ಚು ಉಪಯೋಗಕ್ಕೆ ಬಾರದು. ವಿಗ್ರಹಗಳ ಸಾಲಿನ ಮೇಲೆ ಸೂರು ಚಾಚಿಕೊಂಡಿದೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುವಾಗ, ಒಂದು ಗೇಣು ಚಾಚಿದ ಸೂರು ದಕ್ಷಿಣ ಭಿತ್ತಿಯ ಮೇಲೆ ಒಂದೂವರೆ ಗೇಣಿಗೂ ಕಡಿಮೆ ನೆರಳನ್ನು ಇಳಿಬಿಡುತ್ತದೆ. ಜೂನ್ ಕೊನೆಯಲ್ಲಿ ಸೂರ್ಯ 79 ಡಿಗ್ರಿಗೂ ಮೇಲಿರುವಾಗ ಅಷ್ಟೇ ಚಾಚಿದ ಸೂರು ಉತ್ತರ ಭಿತ್ತಿಯ ಮೇಲೆ ಐದು ಗೇಣಿಗೂ ಮಿಕ್ಕಿದ ನೆರಳನ್ನು ಇಳಿಸುತ್ತದೆ. ವಿಗ್ರಹದ ಬಹುಪಾಲು ಅದರೊಳಗೇ ಉಳಿಯುತ್ತದೆ. ಸಾಲದುದಕ್ಕೆ ಅದು ಮುಂಗಾರಿನ ಮೋಡದ ಕಾಲ.

ಶಿಲ್ಪದ ಉಬ್ಬುತಗ್ಗುಗಳನ್ನು ಕಣ್ಣು ಅಳೆಯುವುದು ನೆರಳಿನ ಮೂಲಕ. ಒಂದು ಬದಿಯಿಂದ ಬೀಳುವ ಬೆಳಕಿನಲ್ಲಿ ತೋಳು, ತೊಡೆ, ಸೊಂಟದ ದೊಡ್ಡ ದುಂಡುಗಳು ಎದ್ದು ನಿಲ್ಲುತ್ತವೆ, ಸಣ್ಣ ಕೆತ್ತನೆಗಳು ಅವುಗಳಿಗೆ ಅಧೀನವಾಗುತ್ತವೆ. ಚದುರಿದ ಬೆಳಕಿನಲ್ಲಿ ದೊಡ್ಡ ದುಂಡುಗಳು ಚಪ್ಪಟೆಯಾಗಿ, ಆಳವಾಗಿ ಕೊರೆದ ಹಾರ, ಕಟಿಬಂಧ, ಲತಾತೋರಣಗಳೇ ಗಮನವನ್ನು ಸೆಳೆಯುತ್ತವೆ. ಒಂದೇ ಕೈಯ ಒಂದೇ ವಿಗ್ರಹ ಒಂದು ಬೆಳಕಿನಲ್ಲಿ ಮೈಕಟ್ಟಿನ ಶಿಲ್ಪವಾಗಿಯೂ ಇನ್ನೊಂದರಲ್ಲಿ ಆಭರಣದ ಶಿಲ್ಪವಾಗಿಯೂ ಕಾಣಬಲ್ಲುದು. ಮೇಲೆ ಹೇಳಿದ ಹೋಲಿಕೆ ಈ ಎರಡು ಬೆಳಕುಗಳ ವರ್ಣನೆಯಂತೆಯೇ ಇರುವುದು ಆಕಸ್ಮಿಕವಿರಬಹುದು. ಆದರೆ ಆಕಸ್ಮಿಕವೆಂದು ಸಿದ್ಧಪಡಿಸಬೇಕಾದ ಹೊಣೆ ಹೋಲಿಸುವವರದು. ಹೊಯ್ಸಳ ಭಿತ್ತಿ ಸಮತಟ್ಟಾದ ಗೋಡೆಯಲ್ಲ, ಮಡಿಕೆ ಮಡಿಕೆಯಾಗಿ ಹಲವು ದಿಕ್ಕುಗಳಿಗೆ ಮುಖಮಾಡಿರುತ್ತದೆ, ಆದ್ದರಿಂದ ಎಲ್ಲ ವಿಗ್ರಹಗಳಿಗೂ ಈ ಲೆಕ್ಕ ಒಂದೇ ತೆರನಾಗಿ ಅನ್ವಯಿಸದು ಎಂಬ ಆಕ್ಷೇಪ ಸರಿಯಾದುದೇ. ಅದು ವಾದಕ್ಕೆ ಸಹಾಯಕವೂ ಹೌದು. ಮಡಿಕೆಗಳಲ್ಲಿ ಪೂರ್ವ ಪಶ್ಚಿಮಗಳಿಗೆ ತಿರುಗಿದ ವಿಗ್ರಹಗಳನ್ನು ಎರಡೂ ಭಿತ್ತಿಗಳಿಂದ ಆಯ್ದು ಬೆಳಗಿನ ಅಥವಾ ಸಂಜೆಯ ಒಂದೇ ಬೆಳಕಿನಲ್ಲಿ ಹೋಲಿಸಿ ನೋಡುವ ಅವಕಾಶ ಅಲ್ಲಿಯೇ ಇದೆ.

ಮೂರನೆಯದು ದಾರಿ. ಪೂರ್ವದಿಂದ ಬಂದು ದೇವರನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಹೊರಡುವವನಿಗೆ ಮೊದಲು ಎದುರಾಗುವುದು ದಕ್ಷಿಣ ಭಿತ್ತಿ, ಕೊನೆಯಲ್ಲಿ ಉತ್ತರ ಭಿತ್ತಿ. ಒಂದೇ ಬಗೆಯ ಪ್ರಚೋದನೆ ಮರುಕಳಿಸಿದಂತೆಲ್ಲ ಪ್ರತಿಕ್ರಿಯೆ ಕುಗ್ಗುವುದನ್ನು ಮನಃಶಾಸ್ತ್ರವು ಕಲಿಕೆಯ ಅತ್ಯಂತ ಸರಳ ರೂಪವೆಂದು ಗಣಿಸುತ್ತದೆ. ಕನ್ನಡದಲ್ಲಿ ಇದನ್ನು ಒಗ್ಗಿಕೊಳ್ಳುವಿಕೆ ಎನ್ನಬಹುದು. ಮೊದಲ ಹತ್ತು ವಿಗ್ರಹಗಳ ಮುಂದೆ ನಿಂತು ನೋಡಿದವನು ಮುಂದಿನವುಗಳ ಮುಂದೆ ನಡೆಯುತ್ತ ನೋಡುತ್ತಾನೆ. 1946ರಲ್ಲಿ ಸಾಲೊಮನ್ ಆಶ್ ವ್ಯಕ್ತಿಯೊಬ್ಬನನ್ನು ವರ್ಣಿಸುವ ಅವೇ ವಿಶೇಷಣಗಳನ್ನು ಹಿಂದುಮುಂದಾಗಿ ಹೇಳಿದಾಗ ಕೇಳಿದವರ ಅಭಿಪ್ರಾಯ ಬದಲಾದುದನ್ನು ತೋರಿಸಿದನು. ಮೊದಲು ಬಂದದ್ದು ಅಳತೆಗೋಲಾಗುತ್ತದೆ. ಬೈಚೋಜ ನಮ್ಮ ಪಾಲಿಗೆ ಆ ಅಳತೆಗೋಲು, ಮಲ್ಲಿತಮ್ಮ ಅಳೆಯಿಸಿಕೊಳ್ಳುವವನು. ಕೊನೆಯದು ನೆನಪಿನಲ್ಲಿ ಹೆಚ್ಚು ಉಳಿಯುತ್ತದೆಯೆಂಬ ಪ್ರತಿವಾದವನ್ನೂ ಮನಃಶಾಸ್ತ್ರವೇ ಒದಗಿಸುತ್ತದೆ, ನಿಜ. ಆದರೆ ಆ ಲಾಭ ಅಲ್ಪಕಾಲದ್ದು. ವಿಮರ್ಶಕ ಊರಿಗೆ ಮರಳಿ ಬರೆಯಲು ಕುಳಿತಾಗ ಅದು ಕರಗಿರುತ್ತದೆ.

ಸ್ಮೃತಿಯ ವಿಷಯಕ್ಕೆ ಬಂದರೆ ನಮ್ಮ ನೈಯಾಯಿಕರ ಒಂದು ವಿಭಾಗ ಇಲ್ಲಿ ಬಹಳ ಉಪಯುಕ್ತ. ಅವರು ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನವನ್ನು ಸ್ಮೃತಿಯೆಂದೂ, ಸಂಸ್ಕಾರ ಮತ್ತು ಇಂದ್ರಿಯ ಎರಡೂ ಸೇರಿ ಹುಟ್ಟುವುದನ್ನು ಪ್ರತ್ಯಭಿಜ್ಞೆಯೆಂದೂ ಬೇರೆ ಮಾಡಿದರು. ಇಂದಿನ ಪಠ್ಯಗಳು ಸ್ಮರಣೆ ಮತ್ತು ಗುರುತಿಸುವಿಕೆ ಎಂದು ಮಾಡುವ ಭೇದಕ್ಕೆ ಇದು ಸಮೀಪದ್ದು. ಅಧಿಷ್ಠಾನದ ಕಥಾಪಟ್ಟಿಕೆಗಳು ಕೆಲಸಮಾಡುವುದು ಪ್ರತ್ಯಭಿಜ್ಞೆಯಿಂದ. ಎತ್ತಿದ ಕೈಯ ಮೇಲೊಂದು ಬೆಟ್ಟ, ಅದರಡಿಯಲ್ಲಿ ದನಗಳು. ಇಷ್ಟು ಕಂಡರೆ ಸಾಕು, ಕಥೆ ಬಲ್ಲವನಿಗೆ ಇಡೀ ಗೋವರ್ಧನ ಪ್ರಸಂಗ ತೆರೆದುಕೊಳ್ಳುತ್ತದೆ. ಬಾರದವನಿಗೆ ಅದೊಂದು ಗುಂಪು. ಕೇಳಿದ ಕಥೆಯನ್ನು ಮನಸ್ಸು ತನಗೆ ಪರಿಚಿತವಾದ ಅಚ್ಚಿಗೆ ಹೊಂದಿಸಿ ಪುನಃ ಕಟ್ಟುತ್ತದೆ ಎಂದು 1932ರಲ್ಲಿ ಬಾರ್ಟ್ಲೆಟ್ ತನ್ನ ಸ್ಮರಣೆಯ ಗ್ರಂಥದಲ್ಲಿ ವಾದಿಸಿದನು. ಹರಿಕಥೆ, ಯಕ್ಷಗಾನ, ಗಮಕಗಳಿಂದ ಕಥೆಯನ್ನು ಪಡೆದ ಹಳ್ಳಿಯ ಭಕ್ತ ಪಟ್ಟಿಕೆಯಲ್ಲಿ ಕಾಣದ ಘಟನೆಯನ್ನೂ ಕಂಡೆನೆಂದು ಹೇಳಿದರೆ ಅದು ಅಜ್ಞಾನವಲ್ಲ. ಶಿಲ್ಪಿ ಬಿಟ್ಟ ತೆರಪನ್ನು ಅವನು ತುಂಬಿದ್ದಾನೆ, ಶಿಲ್ಪಿಯ ಎಣಿಕೆಯೂ ಅದೇ ಆಗಿತ್ತು. ವಿದ್ವಾಂಸರು ಇಂಥ ಹೇಳಿಕೆಗಳನ್ನು ತಿದ್ದುವ ಮೊದಲು ದಾಖಲಿಸಿಕೊಳ್ಳುವುದು ಮೇಲು.

ಕಟ್ಟಡವೂ ಗ್ರಹಿಕೆಯೊಡನೆ ಆಟವಾಡುತ್ತದೆ. ಇದು ತ್ರಿಕೂಟ, ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹರಿಗೆ ಮೂರು ಗರ್ಭಗೃಹಗಳಿವೆ. ಶಿಖರವಿರುವುದು ನಡುವಿನದಕ್ಕೆ ಮಾತ್ರ. ಪಕ್ಕದ ಗರ್ಭಗೃಹಗಳ ಹೊರಗೋಡೆಗಳು ಮಂಟಪದ ಗೋಡೆಯ ಮುಂದುವರಿಕೆಯಂತೆ ಕಾಣುವುದರಿಂದ ಹೊರಗಿನಿಂದ ನೋಡಿದವನು ಒಂದನ್ನು ಕಾಣುತ್ತಾನೆ, ಒಳಗೆ ಹೋದವನು ಮೂರನ್ನು. ಅವಿಚ್ಛಿನ್ನವಾಗಿ ಮುಂದುವರಿಯುವ ರೇಖೆಯನ್ನು ಮನಸ್ಸು ಒಂದೇ ಆಕೃತಿಯಾಗಿ ಹಿಡಿಯುತ್ತದೆಂದು ಗೆಸ್ಟಾಲ್ಟ್ ಪಂಥದವರು ಹೇಳಿದ್ದಕ್ಕೆ ಸುತ್ತುವರಿದ ಆ ಪಟ್ಟಿಕೆಗಳಿಗಿಂತ ಒಳ್ಳೆಯ ನಿದರ್ಶನ ತರಗತಿಗೆ ಬೇಕಿಲ್ಲ.

ಭಾವದ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದುದು. ವಿಲಿಯಂ ಜೇಮ್ಸ್ 1884ರಲ್ಲಿ ದೇಹದ ವಿಕಾರವೇ ಮೊದಲು, ಅದರ ಅರಿವೇ ಭಾವ ಎಂದು ಪ್ರತಿಪಾದಿಸಿದನು. ನಾಟ್ಯಶಾಸ್ತ್ರವೂ ದೇಹವನ್ನು ಬಿಟ್ಟು ಭಾವವನ್ನು ಮಾತನಾಡುವುದಿಲ್ಲ. ಎಂಟು ಸ್ಥಾಯಿಗಳು, ಮೂವತ್ತಮೂರು ವ್ಯಭಿಚಾರಿಗಳ ಜೊತೆಗೆ ಎಂಟು ಸಾತ್ತ್ವಿಕಗಳನ್ನು ಅದು ಎಣಿಸುತ್ತದೆ. ಆದರೆ ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು ಇವು ಯಾವುವೂ ಕಲ್ಲಿಗೆ ದಕ್ಕುವುದಿಲ್ಲ. ದಕ್ಕುವುದು ಸ್ತಂಭವೊಂದೇ, ಅದು ಕಲ್ಲಿಗೆ ಹುಟ್ಟುಗುಣ. ಆದ್ದರಿಂದ ಹೊಯ್ಸಳ ರೂವಾರಿ ಮುಖವನ್ನು ಬಹುಮಟ್ಟಿಗೆ ಪ್ರಸನ್ನವಾಗಿಯೇ ಬಿಟ್ಟು ಭಾವವನ್ನು ಭಂಗಿಗೆ, ಬೆರಳುಗಳಿಗೆ, ಕಾಲಿನ ಬಾಗಿಗೆ ವರ್ಗಾಯಿಸಿದನು. ಇದನ್ನು ಭಾವದಾರಿದ್ರ್ಯವೆಂದು ಎಣಿಸುವ ವಿಮರ್ಶೆ ಮುಖವೊಂದನ್ನೇ ಓದಲು ಕಲಿತದ್ದು. ಸ್ಮೃತಿಯನ್ನೇ ನಾಟ್ಯಶಾಸ್ತ್ರ ವ್ಯಭಿಚಾರಿಭಾವಗಳಲ್ಲಿ ಒಂದಾಗಿ ಎಣಿಸಿದೆಯೆಂಬುದನ್ನೂ ಗಮನಿಸಬೇಕು. ತೀ. ನಂ. ಶ್ರೀಕಂಠಯ್ಯನವರು 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಚರ್ಚಿಸುವ ವಾಸನೆಯ ಪರಿಕಲ್ಪನೆಯೂ ಸಹೃದಯನಲ್ಲಿ ಮೊದಲೇ ನೆಲೆಗೊಂಡ ಸಂಸ್ಕಾರವನ್ನು ಕುರಿತದ್ದು. ಪಠ್ಯಪುಸ್ತಕದಲ್ಲಿ ಎರಡು ಅಧ್ಯಾಯಗಳಾಗಿರುವುದು ಇಲ್ಲಿ ಒಂದೇ.

ಹಾಗಾದರೆ ಇಬ್ಬರು ರೂವಾರಿಗಳನ್ನು ಬೇರ್ಪಡಿಸುವುದು ಅಸಾಧ್ಯವೆ? ಹಾಗೇನಿಲ್ಲ. ಒಟ್ಟಂದದ ಅನಿಸಿಕೆಯನ್ನು ಬದಿಗಿಟ್ಟು, ಬೆಳಕಿಗೂ ಕ್ರಮಕ್ಕೂ ಸುಲಭವಾಗಿ ವಶವಾಗದ ಸಣ್ಣ ಗುರುತುಗಳನ್ನು ಹಿಡಿಯಬೇಕು. ಇಟಲಿಯ ಮೊರೆಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಚಿತ್ರಗಳ ಕರ್ತೃತ್ವವನ್ನು ಕಿವಿ ಮತ್ತು ಉಗುರುಗಳ ರೂಪದಿಂದ ನಿರ್ಣಯಿಸಲು ಹೊರಟದ್ದು ಇದೇ ನಂಬಿಕೆಯಿಂದ: ಲಕ್ಷ್ಯವಿಲ್ಲದೆ ಮಾಡಿದ ಕಡೆ ಕೈ ತನ್ನನ್ನು ಬಿಟ್ಟುಕೊಡುತ್ತದೆ. ಕೈಗೆ ತನ್ನದೇ ನೆನಪುಂಟೆಂಬುದನ್ನು ಬ್ರೆಂಡಾ ಮಿಲ್ನರ್ ತೋರಿಸಿಕೊಟ್ಟರು. ಹೊಸ ನೆನಪನ್ನು ಉಳಿಸಿಕೊಳ್ಳಲಾರದ ಅವರ ರೋಗಿ, ಕನ್ನಡಿಯಲ್ಲಿ ನೋಡಿ ರೇಖೆ ಎಳೆಯುವ ಕೌಶಲವನ್ನು ದಿನದಿನಕ್ಕೆ ಸುಧಾರಿಸಿಕೊಂಡನು. ಹಿಂದಿನ ದಿನ ಎಳೆದದ್ದು ಮಾತ್ರ ಅವನಿಗೆ ನೆನಪಿರಲಿಲ್ಲ. ರೂವಾರಿಯ ಶೈಲಿಯಲ್ಲಿ ಇಂಥ ಕೈನೆನಪಿನ ಪಾಲು ದೊಡ್ಡದು.

ಆದರೆ ಕೈನೆನಪು ಗುರುವಿನಿಂದ ಶಿಷ್ಯನಿಗೆ ನೋಡಿ ಕಲಿಯುವುದರಿಂದ ದಾಟುತ್ತದೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ದೇವಾಲಯದೊಂದಿಗೂ 1268ರ ಸೋಮನಾಥಪುರದೊಂದಿಗೂ ಸೇರಿಕೊಂಡಿದೆ. ನಡುವಣ ಅಂತರ 72 ವರ್ಷ. ಒಬ್ಬನೇ ಮನುಷ್ಯನ ಉಳಿ ಅಷ್ಟು ಕಾಲ ನಡೆದಿರಬಹುದೆಂಬುದಕ್ಕಿಂತ, ಅದು ಒಂದು ಕಮ್ಮಟದ ಹೆಸರಾಗಿ ಮುಂದುವರಿದಿರಬಹುದೆಂಬ ಸಾಧ್ಯತೆಯೇ ಹೆಚ್ಚೆಂದು ಈ ಲೇಖಕನಿಗೆ ತೋರುತ್ತದೆ. ನುಗ್ಗೇಹಳ್ಳಿಯ ಉತ್ತರ ಭಿತ್ತಿಯಲ್ಲಿ ಬೆರಳಿನ ತುದಿ, ಕಿವಿಯ ಸುರುಳಿ, ಹಾರದ ಕುಚ್ಚುಗಳು ಎಷ್ಟು ಬಗೆಯವು ಎಂದು ಎಣಿಸಿದರೆ ಈ ಪ್ರಶ್ನೆಗೆ ಒಂದು ಹಿಡಿತ ಸಿಗುತ್ತದೆ. ಎಣಿಕೆಗೆ ಹೊರಡುವವರು ಪೀಠದ ಬರೆಹಗಳನ್ನು ಓದದ ಇಬ್ಬರನ್ನು ಜೊತೆಗೊಯ್ದು, ಒಬ್ಬರನ್ನು ದಕ್ಷಿಣದಿಂದಲೂ ಇನ್ನೊಬ್ಬರನ್ನು ಉತ್ತರದಿಂದಲೂ ಆರಂಭಿಸುವಂತೆ ಮಾಡಿ, ಒಮ್ಮೆ ಜನವರಿಯಲ್ಲಿ, ಮತ್ತೊಮ್ಮೆ ಮೇ ತಿಂಗಳ ಬೆಳಗಿನಲ್ಲಿ ಪಟ್ಟಿ ಮಾಡುವುದು ಒಳಿತು.