ಕರ್ತೃಭೇದವೊಂದೇ ಸಾಲದು: ಇಂಗ್ಲಿಷ್ ವಾಕ್ಯಸಂಯೋಜನೆಯಲ್ಲಿ ನಿರಪೇಕ್ಷ ಕೃದಂತದ ಬೋಧನೆಯ ವಿಮರ್ಶೆ

ಸಾರಾಂಶ: ಎರಡು ಚಿಕ್ಕ ಇಂಗ್ಲಿಷ್ ವಾಕ್ಯಗಳ ಕರ್ತೃಗಳು ಬೇರೆಬೇರೆಯಾಗಿದ್ದರೆ ಮೊದಲನೆಯದನ್ನು ನಿರಪೇಕ್ಷ ಕೃದಂತ ಪದಪುಂಜವಾಗಿಸಿ ಎರಡನ್ನೂ ಒಂದುಗೂಡಿಸಬಹುದೆಂಬುದು ಶಾಲಾ ವ್ಯಾಕರಣದ ಪ್ರಸಿದ್ಧ ನಿಯಮ. ಈ ನಿಯಮವು ರೂಪದ ಮಟ್ಟಿಗೆ ಸರಿಯಾದರೂ ಪ್ರಯೋಗದ ಮಟ್ಟಿಗೆ ಅಪೂರ್ಣವೆಂದು ಈ ಲೇಖನದಲ್ಲಿ ವಾದಿಸುತ್ತೇವೆ. ಇಂದಿನ ಇಂಗ್ಲಿಷ್ ಗದ್ಯವು ಅಧೀನ ವಾಕ್ಯವನ್ನು ಬಯಸುವ ಕಡೆ ಅದು ಕೃದಂತವನ್ನು ಹೇರುತ್ತದೆ. ಕೃದಂತವು ಜೀವಂತವಾಗಿರುವ ಕಡೆ ಮೌನವಾಗುತ್ತದೆ. ಕನ್ನಡದ ಕೃದಂತಾವ್ಯಯದ ಒಂದು ಪ್ರಯೋಗವು ಈ ಕೊರತೆಯನ್ನು ತುಂಬಲು ನೆರವಾಗಬಲ್ಲುದೆಂದು ತೋರಿಸುತ್ತೇವೆ.

1. ಅಭ್ಯಾಸದ ಸ್ವರೂಪ

ಭಾರತದಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಕಲಿತ ಹಲವು ತಲೆಮಾರುಗಳಿಗೆ ‘ಸಿಂಥೆಸಿಸ್’ ಎಂಬ ಅಭ್ಯಾಸವು ಪರಿಚಿತವಾಗಿದೆ. ಕಳೆದ ಶತಮಾನದ ಮೂವತ್ತರ ದಶಕದಿಂದ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ಎರಡು ಅಥವಾ ಹೆಚ್ಚು ಸರಳ ವಾಕ್ಯಗಳನ್ನು ಒಂದೇ ಸರಳ ವಾಕ್ಯವಾಗಿಸುವ ಬಗೆಗಳಲ್ಲಿ ನಿರಪೇಕ್ಷ ರಚನೆಯನ್ನೂ ಸೇರಿಸಿದೆ. ಅಭ್ಯಾಸದ ಕ್ರಮವನ್ನು ನಮ್ಮದೇ ಉದಾಹರಣೆಯಿಂದ ಹೀಗೆ ನಿರೂಪಿಸಬಹುದು:

(1) ದಿ ರೇನ್ ಸ್ಟಾಪ್ಡ್. ದಿ ಫಾರ್ಮರ್ಸ್ ವೆಂಟ್ ಟು ದಿ ಫೀಲ್ಡ್ಸ್.

(2) ದಿ ರೇನ್ ಹ್ಯಾವಿಂಗ್ ಸ್ಟಾಪ್ಡ್, ದಿ ಫಾರ್ಮರ್ಸ್ ವೆಂಟ್ ಟು ದಿ ಫೀಲ್ಡ್ಸ್.

ಇಲ್ಲಿ ವಿದ್ಯಾರ್ಥಿಯ ಮುಂದಿರುವ ಪ್ರಶ್ನೆ ಒಂದೇ: ಎರಡು ಕ್ರಿಯೆಗಳ ಕರ್ತೃ ಒಂದೆಯೋ, ಬೇರೆಯೋ? ಒಂದೇ ಆಗಿದ್ದರೆ ಕೃದಂತ ಮಾತ್ರ ಸಾಕು. ಬೇರೆಯಾಗಿದ್ದರೆ ಕೃದಂತದೊಡನೆ ಅದರ ಕರ್ತೃವನ್ನೂ ಉಳಿಸಿಕೊಳ್ಳಬೇಕು. ಕರ್ತೃವಿಲ್ಲದ ಕೃದಂತವು ಪ್ರಧಾನ ವಾಕ್ಯದ ಕರ್ತೃವಿಗೆ ತಪ್ಪಾಗಿ ಅಂಟಿಕೊಳ್ಳುವ ದೋಷವನ್ನು ಈ ಪ್ರಶ್ನೆ ತಡೆಯುತ್ತದೆ. ಆ ಮಟ್ಟಿಗೆ ಇದರ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕರ್ತೃಭೇದವು ಈ ರಚನೆಯನ್ನು ಸಾಧ್ಯವಾಗಿಸುವ ನಿಮಿತ್ತವೇ ಹೊರತು ಅದನ್ನು ಬಳಸಲು ಸಾಕಾಗುವ ಕಾರಣವಲ್ಲ. ಅಭ್ಯಾಸವು ಇವೆರಡನ್ನೂ ಒಂದೆಂದು ಭಾವಿಸಿದೆ.

2. ಸಂಯೋಜನೆಯಲ್ಲಿ ಕಳೆದುಹೋಗುವುದು

(1) ಮತ್ತು (2) ಸಮಾನಾರ್ಥಕಗಳೆಂಬ ಗ್ರಹಿಕೆಯ ಮೇಲೆ ಅಭ್ಯಾಸವು ನಿಂತಿದೆ. ಈ ಗ್ರಹಿಕೆಯನ್ನು ಮೂರು ನೆಲೆಗಳಲ್ಲಿ ಪ್ರಶ್ನಿಸಬಹುದು.

ಮೊದಲನೆಯದಾಗಿ, ಕೃದಂತಕ್ಕೆ ಕಾಲಪ್ರತ್ಯಯವಿಲ್ಲ. ‘ಹ್ಯಾವಿಂಗ್’ ಎಂಬುದು ಪೂರ್ವಕಾಲಿಕತೆಯನ್ನು ಸೂಚಿಸುತ್ತದೆಯೇ ವಿನಾ ಭೂತ, ವರ್ತಮಾನ, ಭವಿಷ್ಯತ್ತುಗಳಲ್ಲಿ ಯಾವುದನ್ನೂ ತಾನಾಗಿ ಹೇಳದು. ಎರಡನೆಯದಾಗಿ, ಸಂಬಂಧವಾಚಕವು ಇಲ್ಲವಾಗುತ್ತದೆ. ಮಳೆ ನಿಂತ ಮೇಲೆಯೋ, ನಿಂತದ್ದರಿಂದಲೋ ಎಂಬುದನ್ನು (2) ನಿರ್ಧರಿಸುವುದಿಲ್ಲ. ಇಂತಹ ರಚನೆಗಳ ಅರ್ಥವೈವಿಧ್ಯವನ್ನೇ ವಿಷಯವಾಗಿಸಿಕೊಂಡ ಗ್ರೆಗರಿ ಸ್ಟಂಪ್ ಅವರ 1985ರ ಗ್ರಂಥವೂ, ಬರ್ನ್ಡ್ ಕಾರ್ಟ್‌ಮನ್ ಅವರ 1991ರ ಗ್ರಂಥವೂ ಈ ಅನಿರ್ದಿಷ್ಟತೆ ಎಷ್ಟು ವ್ಯಾಪಕವೆಂಬುದನ್ನು ಮನಗಾಣಿಸುತ್ತವೆ. ಮೂರನೆಯದಾಗಿ, ಪ್ರತಿಪಾದನೆಯ ಸ್ಥಾನಮಾನ ಬದಲಾಗುತ್ತದೆ. (2)ನ್ನು ಕೇಳಿದವನು ‘ಅದು ಸುಳ್ಳು’ ಎಂದರೆ ಅವನು ನಿರಾಕರಿಸುವುದು ರೈತರು ಹೋದದ್ದನ್ನು, ಮಳೆ ನಿಂತದ್ದನ್ನಲ್ಲ. ಎರಡು ಪ್ರತಿಪಾದನೆಗಳಲ್ಲಿ ಒಂದು ಹಿನ್ನೆಲೆಗೆ ಸರಿದಿದೆ. ಯಾವುದು ಸರಿಯಬೇಕೆಂಬುದು ಬರೆಯುವವನ ನಿರ್ಣಯ. ಅಭ್ಯಾಸವಾದರೋ ಮೊದಲ ವಾಕ್ಯವನ್ನೇ ಸರಿಸಬೇಕೆಂಬ ರೂಢಿಯನ್ನು ಕಲಿಸಿ ಆ ನಿರ್ಣಯವನ್ನೇ ಕಸಿದುಕೊಂಡಿದೆ.

ಇದು ಶಾಲೆಯ ಹೊಸ್ತಿಲಲ್ಲೇ ಮುಗಿಯುವ ಸಂಗತಿಯಲ್ಲ. ಸಂಶೋಧನ ಪ್ರಬಂಧವೊಂದರಲ್ಲಿ ಬರಬಹುದಾದ ಈ ವಾಕ್ಯವನ್ನು ಗಮನಿಸೋಣ:

(3) ದಿ ಡಯಲೆಕ್ಟ್ಸ್ ಹ್ಯಾವಿಂಗ್ ಕಮ್ ಇಂಟು ಕಾಂಟ್ಯಾಕ್ಟ್, ದಿ ಫೈನಲ್ ವವಲ್ ವಾಸ್ ಲಾಸ್ಟ್.

ಉಪಭಾಷೆಗಳ ಸಂಪರ್ಕದ ತರುವಾಯ ಪದಾಂತ್ಯ ಸ್ವರವು ಲೋಪವಾಯಿತೆಂದು ಇದು ಹೇಳುತ್ತಿದೆಯೇ, ಅಥವಾ ಸಂಪರ್ಕದ ದೆಸೆಯಿಂದ ಲೋಪವಾಯಿತೆಂದೇ? ಮೊದಲನೆಯದು ಕಾಲಾನುಕ್ರಮದ ಹೇಳಿಕೆ. ಎರಡನೆಯದು ಆಧಾರವನ್ನು ಬೇಡುವ ಕಾರಣವಾದ. ಕೃದಂತವು ಇವೆರಡರ ನಡುವಣ ಗಡಿಯನ್ನು ಅಳಿಸಿಹಾಕುವುದರಿಂದ ಲೇಖಕನು ಕಾರಣವನ್ನು ಸಾಧಿಸದೆಯೇ ಅದರ ಫಲವನ್ನು ಪಡೆಯುತ್ತಾನೆ. ‘ಬಿಕಾಸ್’ ಎಂದೋ ‘ಆಫ್ಟರ್’ ಎಂದೋ ಬರೆಯಬೇಕಾಗಿ ಬಂದಿದ್ದರೆ ಅವನು ಒಂದು ಕ್ಷಣ ನಿಲ್ಲುತ್ತಿದ್ದನು. ವಾಕ್ಯಸಂಯೋಜನೆಯ ಅಭ್ಯಾಸವು ಈ ನಿಲುಗಡೆಯನ್ನು ಅನಗತ್ಯವೆಂದು ಕಲಿಸುತ್ತದೆ ಎಂಬುದೇ ನಮ್ಮ ಮುಖ್ಯ ಆಕ್ಷೇಪ.

3. ರಚನೆಯ ಪೂರ್ವಾಪರ ಮತ್ತು ಇಂದಿನ ಪ್ರಯೋಗ

ಪ್ರಾಚೀನ ಇಂಗ್ಲಿಷಿನಲ್ಲಿ ಈ ರಚನೆ ಚತುರ್ಥಿ ವಿಭಕ್ತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮಾರ್ಗನ್ ಕ್ಯಾಲವೇ ಅವರು 1889ರ ಅಧ್ಯಯನದಲ್ಲಿ ಇದನ್ನು ಲ್ಯಾಟಿನ್ ಪಂಚಮೀ ನಿರಪೇಕ್ಷ ರಚನೆಯ ಅನುಕರಣೆಯೆಂದು ಪ್ರತಿಪಾದಿಸಿದರು. ವಿಭಕ್ತಿಪ್ರತ್ಯಯಗಳು ಸವೆದ ಮೇಲೆ ಕರ್ತೃವು ಪ್ರಥಮಾ ರೂಪದಲ್ಲಿ ನೆಲೆನಿಂತಿತು. ಗ್ರಂಥಸ್ಥ ಮೂಲದ ಈ ಛಾಯೆ ‘ಹ್ಯಾವಿಂಗ್’ ಸಹಿತವಾದ, ವಾಕ್ಯಾರಂಭದ ರೂಪದಲ್ಲಿ ಇಂದಿಗೂ ಉಳಿದಿದೆ. ಮಾತಿನಲ್ಲಿ ಅದು ವಿರಳ. ‘ವೆದರ್ ಪರ್ಮಿಟಿಂಗ್’, ‘ಆಲ್ ಥಿಂಗ್ಸ್ ಕನ್ಸಿಡರ್ಡ್’ ಮುಂತಾದ ಸಿದ್ಧ ನುಡಿಗಟ್ಟುಗಳು ಇದಕ್ಕೆ ಅಪವಾದ. (2)ರ ಅರ್ಥಕ್ಕೆ ಇಂದಿನ ಲೇಖಕನು ಸಹಜವಾಗಿ ಆರಿಸಿಕೊಳ್ಳುವುದು ‘ವೆನ್ ದಿ ರೇನ್ ಸ್ಟಾಪ್ಡ್’ ಎಂಬ ಅಧೀನ ವಾಕ್ಯವನ್ನೇ. ವಿಪರ್ಯಾಸವೆಂದರೆ, ಸರಳ ವಾಕ್ಯವನ್ನೇ ಬಯಸುವ ಅಭ್ಯಾಸದಲ್ಲಿ ಈ ಉತ್ತರವು ತಪ್ಪಾಗುತ್ತದೆ.

ಹಾಗೆಂದು ನಿರಪೇಕ್ಷ ಕೃದಂತವು ಸತ್ತ ರಚನೆಯಲ್ಲ. ಕಥನಗದ್ಯದಲ್ಲಿ ಅದು ಹೇರಳವಾಗಿದೆ. ಆದರೆ ಬೇರೆಯೇ ರೂಪದಲ್ಲಿ:

(4) ಶಿ ಸ್ಟುಡ್ ಅಟ್ ದಿ ಡೋರ್, ಹರ್ ಆರ್ಮ್ಸ್ ಫೋಲ್ಡೆಡ್.

(5) ದಿ ಓಲ್ಡ್ ಮ್ಯಾನ್ ವೆಂಟ್ ಅಪ್ ದಿ ಸ್ಟೆಪ್ಸ್, ಹಿಸ್ ಬ್ರೆತ್ ಕಮಿಂಗ್ ಹಾರ್ಡ್.

ಇವು (2)ರಿಂದ ನಾಲ್ಕು ಬಗೆಯಲ್ಲಿ ಭಿನ್ನವಾಗಿವೆ. ಪದಪುಂಜವು ಪ್ರಧಾನ ವಾಕ್ಯದ ಅನಂತರ ಬಂದಿದೆ. ‘ಹ್ಯಾವಿಂಗ್’ ಇಲ್ಲ. ಕೃದಂತದ ಕರ್ತೃವು ಪ್ರಧಾನ ಕರ್ತೃವಿನ ಅಂಗ ಅಥವಾ ಅಂಗಸದೃಶ ವಸ್ತು. ‘ಹರ್’, ‘ಹಿಸ್’ ಎಂಬ ಷಷ್ಠೀ ಸರ್ವನಾಮವು ಆ ನಂಟನ್ನು ಹಿಡಿದಿಟ್ಟಿದೆ. ಕೊನೆಯದಾಗಿ, ಅರ್ಥಸಂಬಂಧವು ಪೂರ್ವಾಪರದ್ದೂ ಅಲ್ಲ, ಕಾರ್ಯಕಾರಣದ್ದೂ ಅಲ್ಲ. ಒಂದೇ ದೃಶ್ಯದ ಸಮಗ್ರತೆ ಮತ್ತು ವಿವರಗಳ ನಡುವಣ ಸಂಬಂಧ. ಸಂಬಂಧವಾಚಕವಿಲ್ಲದಿರುವುದು ಇಲ್ಲಿ ನಷ್ಟವಲ್ಲ, ಏಕೆಂದರೆ ಹೇಳಬೇಕಾದ ಸಂಬಂಧವೇ ಬೇರೊಂದಿಲ್ಲ.

ಅಮೆರಿಕದ ಬರವಣಿಗೆಯ ಬೋಧನೆಯಲ್ಲಿ ಫ್ರಾನ್ಸಿಸ್ ಕ್ರಿಸ್ಟೆನ್ಸನ್ ಅವರು 1963ರಲ್ಲಿ ಒತ್ತಿಹೇಳಿದ್ದು ಇದನ್ನೇ: ಪ್ರಧಾನ ವಾಕ್ಯವನ್ನು ಮೊದಲು ನಿಲ್ಲಿಸಿ ವಿವರಗಳನ್ನು ಅದರ ಹಿಂದೆ ಪೋಣಿಸುತ್ತ ಹೋಗುವ ಕ್ರಮ. ಅನಂತರ ಜಾನ್ ಮೆಲನ್ 1969ರಲ್ಲಿಯೂ, ಫ್ರಾಂಕ್ ಒ’ಹೇರ್ 1973ರಲ್ಲಿಯೂ ವಾಕ್ಯಸಂಯೋಜನೆಯನ್ನು ಪ್ರಯೋಗಕ್ಕೊಳಪಡಿಸಿದರು. ಒ’ಹೇರ್ ವ್ಯಾಕರಣ ಪರಿಭಾಷೆಯ ಬೋಧನೆಯನ್ನೇ ಕೈಬಿಟ್ಟರು. ಈ ಪರಂಪರೆಯಲ್ಲಿ ಸಂಯೋಜನೆಯು ಬರವಣಿಗೆಯ ಬೆಳವಣಿಗೆಯ ಸಾಧನ; ನಮ್ಮ ಪಠ್ಯಗಳಲ್ಲಾದರೋ ಅದು ರೂಪಪರಿವರ್ತನೆಯ ಪರೀಕ್ಷೆ.

4. ಕನ್ನಡದ ಕಲಿಕೆಗಾರನ ನೆಲೆ

ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗೆ ಕರ್ತೃಭೇದದ ವಿಚಾರ ಹೊಸದಲ್ಲ. ಪಾಣಿನಿಯ 3.4.21ನೆಯ ಸೂತ್ರವು ಕ್ತ್ವಾ ಪ್ರತ್ಯಯಕ್ಕೆ ಸಮಾನಕರ್ತೃಕತೆಯನ್ನೂ ಪೂರ್ವಕಾಲವನ್ನೂ ವಿಧಿಸುತ್ತದೆ, 2.3.37ನೆಯ ಸೂತ್ರವು ಒಂದರ ಕ್ರಿಯೆಯಿಂದ ಮತ್ತೊಂದರ ಕ್ರಿಯೆ ಲಕ್ಷಿತವಾಗುವಲ್ಲಿ ಸಪ್ತಮಿಯನ್ನು ವಿಧಿಸುತ್ತದೆ. ಈ ಎರಡನೆಯದು ‘ಸತಿಸಪ್ತಮಿ’ ಎಂಬ ಹೆಸರಿನಿಂದ ಕನ್ನಡ ವ್ಯಾಕರಣದ ಚರ್ಚೆಗಳಲ್ಲಿಯೂ ನೆಲೆಸಿದೆ. ‘ರಾಜನು ಬರಲು ಸಭಿಕರು ಎದ್ದು ನಿಂತರು’ ಎಂಬಲ್ಲಿ ‘ಬರಲು’ ಭಿನ್ನಕರ್ತೃಕ, ‘ಎದ್ದು’ ಸಮಾನಕರ್ತೃಕ. ಆದಕಾರಣ (2)ನ್ನು ರಚಿಸುವುದು ನಮ್ಮ ವಿದ್ಯಾರ್ಥಿಗೆ ಕಷ್ಟವಲ್ಲ. ‘ಮಳೆ ನಿಲ್ಲಲು’, ‘ಮಳೆ ನಿಂತ ಮೇಲೆ’ ಎಂಬ ರೂಪಗಳ ಸ್ಥಾನದಲ್ಲಿ ‘ಹ್ಯಾವಿಂಗ್’ ಇಟ್ಟರಾಯಿತು. ಹೀಗೆ ಸುಲಭವಾಗಿ ಕೈಗೆ ಬರುವುದರಿಂದಲೇ ಅದು ಅತಿಯಾಗಿ ಬಳಕೆಯಾಗುತ್ತದೆ.

ಕಷ್ಟವಿರುವುದು (4)ರಲ್ಲಿ. ಅದರ ಸಹಜ ಕನ್ನಡ ‘ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು’ ಎಂದು. ಇಲ್ಲಿ ‘ಕೊಳ್ಳು’ ಸಹಾಯಕ ಕ್ರಿಯಾಪದವು ಕೈಯನ್ನು ಕರ್ಮವಾಗಿಯೇ ಉಳಿಸಿ ಅವಳನ್ನೇ ಎರಡೂ ಕ್ರಿಯೆಗಳ ಕರ್ತೃವಾಗಿಸಿದೆ. ಹಾಗೆಯೇ (5) ‘ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದನು’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಎರಡು ಕರ್ತೃಗಳಿರುವ ಕಡೆ ಕನ್ನಡದಲ್ಲಿ ಒಂದೇ. ಹೀಗಿರುವಾಗ ‘ಕರ್ತೃ ಬೇರೆಯೇ?’ ಎಂಬ ಪ್ರಶ್ನೆ ವಿದ್ಯಾರ್ಥಿಯನ್ನು ನಿರಪೇಕ್ಷ ರಚನೆಯತ್ತ ಒಯ್ಯಲಾರದು. ಅವನು ‘ಫೋಲ್ಡಿಂಗ್ ಹರ್ ಆರ್ಮ್ಸ್’ ಎಂದು ಬರೆಯುತ್ತಾನೆ. ವ್ಯಾಕರಣದ ಪ್ರಕಾರ ಅದು ಶುದ್ಧ. ಆದರೆ ‘ಕಟ್ಟಿಕೊಂಡು’ ಎಂಬುದರಲ್ಲಿದ್ದ ಸ್ಥಿತಿಯ ಅರ್ಥ ಹೋಗಿ ಕೈ ಕಟ್ಟುವ ಕ್ರಿಯೆಯಷ್ಟೇ ಉಳಿಯುತ್ತದೆ.

5. ಕನ್ನಡದೊಳಗಿನ ಸೇತುವೆ

ಆದರೂ ಕನ್ನಡದಲ್ಲಿ (4), (5)ಕ್ಕೆ ಸಮೀಪವಾದ ರಚನೆ ಇಲ್ಲದಿಲ್ಲ. ಸಮಾನಕರ್ತೃಕತೆಯ ನಿಯಮವನ್ನು ಕಟ್ಟುನಿಟ್ಟಾಗಿ ಓದುವ ಅಭ್ಯಾಸವು ಅದನ್ನು ಮರೆಮಾಡಿದೆ:

(6) ತಲೆ ಸುತ್ತಿ ಬಿದ್ದಳು.

(7) ಹೊಟ್ಟೆ ತುಂಬಿ ಎದ್ದರು.

(6)ರಲ್ಲಿ ‘ಬಿದ್ದಳು’ ಎಂಬ ಕ್ರಿಯಾಪದದ ಲಿಂಗವಚನಗಳು ಅವಳಿಗೆ ಅನ್ವಯಿಸುತ್ತವೆ; ಸುತ್ತಿದ್ದು ತಲೆ. ‘ತಲೆಸುತ್ತು’ ಎಂಬುದು ಒಂದೇ ಸಂಯುಕ್ತ ಕ್ರಿಯೆ, ಅದರ ಕರ್ತೃವೂ ಅವಳೇ ಎಂದು ಆಕ್ಷೇಪಿಸಬಹುದು. ಹಾಗಿದ್ದಲ್ಲಿ ‘ಅವಳು ತಲೆ ಸುತ್ತಿದಳು’ ಎಂಬ ಪೂರ್ಣವಾಕ್ಯವು ಈ ಅರ್ಥದಲ್ಲಿ ಸಾಧುವಾಗಬೇಕಿತ್ತು. ಆಗುವುದಿಲ್ಲ, ‘ಅವಳಿಗೆ ತಲೆ ಸುತ್ತಿತು’ ಎಂದೇ ಹೇಳಬೇಕು, ಕ್ರಿಯಾಪದವು ತಲೆಗೇ ಹೊಂದಿಕೊಳ್ಳಬೇಕು. (7)ರಲ್ಲಿಯೂ ‘ಅವರ ಹೊಟ್ಟೆ ತುಂಬಿತು’ ಎಂಬುದೇ ಪೂರ್ಣರೂಪ. ಆದ್ದರಿಂದ (6), (7) ಭಿನ್ನಕರ್ತೃಕ ಕೃದಂತಗಳೆಂದೇ ಪರಿಗಣಿಸಬೇಕಾಗುತ್ತದೆ.

ಈ ಸ್ವಾತಂತ್ರ್ಯಕ್ಕೆ ಮಿತಿಯಿದೆ. ‘ಮಳೆ ಬಂದು ಕೆರೆ ತುಂಬಿತು’ ಎಂಬುದು ಸಾಧು. ಅಲ್ಲಿ ಎರಡೂ ಇಚ್ಛಾರಹಿತ ಘಟನೆಗಳು, ಒಂದರಿಂದ ಇನ್ನೊಂದು. ‘ಅಣ್ಣ ಬಂದು ತಂಗಿ ಹೋದಳು’ ಎಂಬುದು ಅಸಾಧು. ಅಲ್ಲಿ ಇಬ್ಬರು ಸ್ವತಂತ್ರ, ಸ್ವೇಚ್ಛಾವಂತ ಕರ್ತೃಗಳು. ಅಂಗಾಂಗಿಭಾವವೋ ಘಟನಾಸಾತತ್ಯವೋ ಇರುವಲ್ಲಿ ಮಾತ್ರ ಕನ್ನಡದ ಕೃದಂತಾವ್ಯಯವು ಎರಡನೆಯ ಕರ್ತೃವನ್ನು ಸಹಿಸುತ್ತದೆ. ಇಂಗ್ಲಿಷಿನ (4), (5)ರಲ್ಲಿ ಕಂಡ ಅಂಗಾಂಗಿಭಾವವೇ ಇಲ್ಲಿಯೂ ಇದೆ. ಅಂದರೆ ರೂಪದಲ್ಲಿ ದೂರವಾದ ಎರಡು ಭಾಷೆಗಳು ಪ್ರಯೋಗದ ಈ ಬಿಂದುವಿನಲ್ಲಿ ಒಂದನ್ನೊಂದು ಮುಟ್ಟುತ್ತವೆ: ‘ಹರ್ ಹೆಡ್ ರೀಲಿಂಗ್, ಶಿ ಫೆಲ್’. ಕನ್ನಡವು ‘ಅವಳ’ ಎಂಬ ಷಷ್ಠಿಯನ್ನು ಬಿಡಬಲ್ಲುದು, ಇಂಗ್ಲಿಷು ‘ಹರ್’ ಎಂಬುದನ್ನು ಸಾಮಾನ್ಯವಾಗಿ ಬಿಡದು ಎಂಬ ಒಂದು ವ್ಯತ್ಯಾಸವನ್ನು ವಿದ್ಯಾರ್ಥಿಗೆ ತಿಳಿಸಬೇಕಾಗುತ್ತದೆ.

ಸೇತುವೆಯು ಎಲ್ಲವನ್ನೂ ದಾಟಿಸುವುದಿಲ್ಲ. ‘ದಿ ಸಿಸ್ಟರ್ಸ್ ಸೆಟ್ ಔಟ್ ಅರ್ಲಿ, ದಿ ಎಲ್ಡರ್ ಕ್ಯಾರಿಯಿಂಗ್ ದಿ ಲ್ಯಾಂಪ್’ ಎಂಬಲ್ಲಿ ಕೃದಂತದ ಕರ್ತೃವು ಸಮೂಹದ ಒಬ್ಬ ಸದಸ್ಯೆ. ಆಕೆ ಸ್ವೇಚ್ಛಾವಂತ ಕರ್ತೃವಾದ್ದರಿಂದ ಕನ್ನಡವು ‘ದೊಡ್ಡವಳು ದೀಪ ಹಿಡಿದಿದ್ದಳು’ ಎಂದು ಪೂರ್ಣವಾಕ್ಯವನ್ನೇ ಬಳಸುತ್ತದೆ. ಇಂತಹವನ್ನು ಪ್ರತ್ಯೇಕವಾಗಿ, ಅಂಗಾಂಗಿ ಪ್ರಯೋಗವು ಕೈಗೂಡಿದ ಮೇಲೆ ಕಲಿಸುವುದು ಯುಕ್ತ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಬೋಧನೆಗೆ ಸಂಬಂಧಿಸಿದಂತೆ ಮೂರು ಸಲಹೆಗಳು ಹೊರಡುತ್ತವೆ. ಒಂದು, ಕರ್ತೃಭೇದದ ಪ್ರಶ್ನೆಗೆ ಮೊದಲು ಅರ್ಥಸಂಬಂಧದ ಪ್ರಶ್ನೆಯನ್ನು ಕೇಳಬೇಕು. ಸಂಬಂಧವು ಕಾಲದ್ದೋ ಕಾರಣದ್ದೋ ಆಗಿದ್ದರೆ ಅಧೀನ ವಾಕ್ಯಕ್ಕೆ ಪೂರ್ಣ ಅಂಕ ಸಲ್ಲಬೇಕು. ಎರಡು, ನಿರಪೇಕ್ಷ ಕೃದಂತದ ಪಾಠವು (2)ರಿಂದಲ್ಲ, (4)ರಿಂದ ಆರಂಭವಾಗಬೇಕು. ‘ತಲೆ ಸುತ್ತಿ ಬಿದ್ದಳು’ ಎಂಬಂತಹ ಕನ್ನಡ ವಾಕ್ಯಗಳನ್ನು ಜೊತೆಗಿಟ್ಟು ಕಲಿಸಬೇಕು. ಮೂರು, ಎರಡು ವಾಕ್ಯಗಳಲ್ಲಿ ಯಾವುದು ಹಿನ್ನೆಲೆಗೆ ಸರಿಯಬೇಕೆಂಬುದನ್ನು ವಿದ್ಯಾರ್ಥಿಯೇ ಆರಿಸಿ, ಆರಿಸಿದ್ದಕ್ಕೆ ಕಾರಣ ಕೊಡಬೇಕು. ಎರಡನ್ನೂ ಹಾಗೆಯೇ ಬಿಡುವುದು ಲೇಸೆಂಬ ಉತ್ತರಕ್ಕೂ ಅಲ್ಲಿ ಎಡೆಯಿರಬೇಕು.

ಕನ್ನಡ ವ್ಯಾಕರಣದ ಕಡೆಗೂ ಇದರಿಂದ ಒಂದು ಕೆಲಸ ಒದಗುತ್ತದೆ. ಭಿನ್ನಕರ್ತೃಕ ಕೃದಂತಾವ್ಯಯಗಳನ್ನು ಅಪವಾದಗಳೆಂದು ಬದಿಗಿಡದೆ, ಅಂಗಾಂಗಿಭಾವ ಮತ್ತು ಇಚ್ಛಾರಾಹಿತ್ಯಗಳ ಆಧಾರದ ಮೇಲೆ ವರ್ಗೀಕರಿಸಿ, ಹಳಗನ್ನಡದಿಂದ ಇಂದಿನ ಆಡುನುಡಿಗಳವರೆಗೆ ಅವುಗಳ ವ್ಯಾಪ್ತಿಯನ್ನು ಗುರುತಿಸಬೇಕಾಗಿದೆ. ಇಂಗ್ಲಿಷಿನ ಒಂದು ರಚನೆಯನ್ನು ಸರಿಯಾಗಿ ಕಲಿಸಲು ಹೊರಟವನಿಗೂ ಅಂತಹ ವಿವರಣೆ ಬೇಕಾಗುತ್ತದೆ.