ಧೂಳು, ಚೇಳು, ಸ್ವಾಮಿ

ರಾಜ್ಯದ ಹತ್ತನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಪಾಠವಿದೆ. ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಆಲ್ಕೊಳದಲ್ಲೂ ಮಕ್ಕಳು ಅದರ ಪ್ರಶ್ನೋತ್ತರ ಉರು ಹೊಡೆಯುತ್ತಾರೆ: ಸ್ವಾಮಿ ಅಂಜುಬುರುಕ, ಅಪ್ಪ ಹಟಮಾರಿ. ಉತ್ತರ ಸರಿ, ಅಂಕವೂ ಬರುತ್ತದೆ. ಆದರೆ ‘ನಿನಗದು ಹೇಗೆ ಗೊತ್ತಾಯಿತು, ಸಾಲು ತೋರಿಸು’ ಅಂದಾಗಲೇ ಕಥೆಯ ರುಚಿ ಹತ್ತುವುದು.

ಕಥೆಯ ಆರಂಭದಲ್ಲಿ, ಹುಲಿಯನ್ನು ಎದುರಿಸಿದ ಹಳ್ಳಿ ಹುಡುಗನ ಸುದ್ದಿ ಪೇಪರಿನಲ್ಲಿ ಬಂದಿದೆ. ಧೈರ್ಯವಿದ್ದರೆ ಇವತ್ತು ರಾತ್ರಿ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎನ್ನುತ್ತಾರೆ ಅಪ್ಪ. ಸ್ವಾಮಿ ಮೆಲ್ಲನೆ ಜಾರಿಕೊಂಡು ಅಜ್ಜಿಯ ಪಕ್ಕ ಸೇರುತ್ತಾನೆ. ಕಥೆ ಬೇಡವೇನೋ ಎಂದು ಅಜ್ಜಿ ಕೇಳಿದರೆ ಸುಮ್ಮನಿರು ಎಂದು ಕೈಸನ್ನೆ ಮಾಡುತ್ತಾನೆ. ಕಥೆಯನ್ನೇ ಒಲ್ಲೆ ಎನ್ನುವ ಹುಡುಗ! ಅವನ ಎದೆ ಎಷ್ಟು ಡವಡವ ಅನ್ನುತ್ತಿರಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅಪ್ಪನ ಕೈಗೆ ಸಿಕ್ಕಿಬಿದ್ದ ಮೇಲೆ ಅವನು ಹೇಳುವುದೇನು? ಆ ಕೋಣೆಯಲ್ಲಿ ಧೂಳಿದೆ, ಲಾ ಪುಸ್ತಕಗಳ ಹಿಂದೆ ಚೇಳಿರಬಹುದು. ‘ಮಿಸ್, ಇದರಲ್ಲಿ ಹೆದರಿಕೆ ಅಂತ ಎಲ್ಲಿ ಬರೆದಿದೆ?’ ಎಂದು ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಮತ್ತೊಮ್ಮೆ ಓದಿ ತಾನೇ ಬರೆದಳು: ‘ಚೇಳನ್ನು ಅವನು ನೋಡಿಲ್ಲ, ಇರಬಹುದು ಅಂತಾನೆ ಅಷ್ಟೆ. ಹೋಗದೇ ಇರೋಕೆ ಕಾರಣ ಹುಡುಕ್ತಿದಾನೆ.’ ಆ ಎರಡು ವಾಕ್ಯ ಯಾವ ಗೈಡಿನಲ್ಲೂ ಸಿಗವು.

ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದಾಗ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥನ ಕಣ್ಣುಗಳೇ ಅರ್ಧ ಕೆಲಸ ಮಾಡಿದವು. ಪುಸ್ತಕದಲ್ಲಿ ಆ ಕಣ್ಣುಗಳಿಲ್ಲ, ಓದುವವರೇ ಅವನ್ನು ಕಾಣಬೇಕು. ನನಗೆ ಈ ಓದೇ ಹೆಚ್ಚು ಇಷ್ಟ.

ಮುಂದೆ ಆಫೀಸು ಕೋಣೆಗೆ ಹೋಗಲೇಬೇಕಾಗಿ ಬಂದು ಬೆಂಚಿನ ಕೆಳಗೆ ಮುದುಡಿದ ಸ್ವಾಮಿ ಕಳ್ಳನ ಕಾಲು ಕಚ್ಚಿ ಊರಿಗೇ ವೀರನಾಗುವುದು, ಹೆಡ್‌ಮಾಸ್ತರರ ಶಹಭಾಸ್‌ಗಿರಿ, ಎಲ್ಲ ಸರಸರ ಸಾಗುತ್ತದೆ. ನಾನು ನಿಲ್ಲುವುದು ಕೊನೆಯಲ್ಲಿ. ಮರುದಿನ ರಾತ್ರಿ ಸ್ವಾಮಿ ಮತ್ತೆ ಅಜ್ಜಿಯ ಪಕ್ಕ, ನಿದ್ದೆಯಲ್ಲಿ. ತಡವಾಗಿ ಬಂದ ಅಪ್ಪ, ಮುದ್ದು ಮಾಡಿ ಹಾಳುಮಾಡಿ, ಆಮೇಲೆ ನನ್ನನ್ನು ದೂರಬೇಡಿ ಎಂದು ಗೊಣಗುತ್ತಾರೆ. ಹಿಂದಿನ ರಾತ್ರಿ ತಾವೇ ಮಗನ ಹಾಸಿಗೆ ಸುತ್ತಿಕೊಂಡು ಹೊರಟಿದ್ದವರು ಈಗ ಅದನ್ನು ಮುಟ್ಟುವುದೂ ಇಲ್ಲ. ಗೊಣಗಾಟದ ಹಿಂದೆ ಸೋಲು ಒಪ್ಪಿಕೊಂಡ ಅಪ್ಪನಿದ್ದಾರೆ ಎನ್ನುತ್ತೇನೆ ನಾನು. ಕಂಬಳಿಯೊಳಗಿನ ಸ್ವಾಮಿ ಎಲ್ಲ ಕೇಳಿಸಿಕೊಂಡು ನಿರಾಳನಾಗುತ್ತಾನೆ. ಅಂದರೆ ಆ ನಿದ್ದೆಯೂ ನಟನೆಯೇ.