ಐದು ಸ್ಟಾರು, ಮೂವತ್ತು ತೂತು

ಇವತ್ತು ನಾನು ವಿಮರ್ಶೆ ಮಾಡ್ತಿರೋದು ಪುಸ್ತಕವನ್ನಲ್ಲ, ಸಿನಿಮಾವನ್ನೂ ಅಲ್ಲ. ನಾನೇ ಬರೆದ ಒಂದು ರಿವ್ಯೂವನ್ನು. ಪೂರ್ತಿ ಪಠ್ಯ ಇಷ್ಟೇ: “ಪ್ಯಾಕಿಂಗ್ ಸೂಪರ್. ಹೇಳಿದ ದಿನಕ್ಕೇ ಬಂತು. ಒಳ್ಳೇ ತೂಕ ಇದೆ. ಮೂವತ್ತು ತೂತು, ಕೊಟ್ಟ ದುಡ್ಡಿಗೆ ಮೋಸ ಇಲ್ಲ.” ಜೊತೆಗೆ ಐದು ಸ್ಟಾರು. ಬಾಕ್ಸ್ ಬಿಚ್ಚಿ ಹತ್ತು ನಿಮಿಷವೂ ಆಗಿರಲಿಲ್ಲ. ವಸ್ತುವನ್ನು ಒಂದು ಸಲವೂ ಬಳಸಿರಲಿಲ್ಲ.

ವಸ್ತು ಯಾವುದು ಅಂದ್ರೆ, ಆಭರಣಕ್ಕೆ ಕಂಬಿ ಎಳೆಯೋ ಅಚ್ಚು. ಅಂಗಡಿಯಲ್ಲಿ ಡ್ರಾ ಪ್ಲೇಟ್ ಅಂತಾರೆ. ಗಟ್ಟಿ ಉಕ್ಕಿನ ಒಂದು ಪಟ್ಟಿ, ಅದರಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ತೂತುಗಳ ಸಾಲು. ಕಂಬಿಯ ತುದಿಯನ್ನು ಅರದಿಂದ ಉಜ್ಜಿ ಚೂಪು ಮಾಡಿ, ಜೇನುಮೇಣ ಸವರಿ, ತೂತಿನೊಳಗೆ ತೂರಿಸಿ, ಆಚೆ ಕಡೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ಲೋಹವೇನೂ ಕತ್ತರಿಸಿ ಹೋಗಲ್ಲ. ಸಣ್ಣಗಾದಷ್ಟೂ ಉದ್ದ ಆಗುತ್ತೆ. 2 ಮಿ.ಮೀ. ಕಂಬಿಯನ್ನು 1 ಮಿ.ಮೀ.ಗೆ ಇಳಿಸಿದರೆ ಉದ್ದ ನಾಲ್ಕು ಪಟ್ಟು. 12ನೇ ಶತಮಾನದಲ್ಲಿ ಥಿಯೋಫಿಲಸ್ ಅನ್ನೋ ಹೆಸರಲ್ಲಿ ಬರೆದ ಯುರೋಪಿನ ಸನ್ಯಾಸಿಯೊಬ್ಬ ತನ್ನ ಕರಕುಶಲದ ಪುಸ್ತಕದಲ್ಲಿ ಹೀಗೇ ಸಾಲುತೂತಿನ ಕಬ್ಬಿಣದ ಪಟ್ಟಿಗಳನ್ನು ವಿವರಿಸಿದ್ದಾನೆ. ಒಡಿಶಾದ ಕಟಕ್‌ನಲ್ಲಿ ತಾರಕಸಿ ಕೆಲಸದವರ ನೂಲಿನಂಥ ಬೆಳ್ಳಿ ಎಳೆ ಹುಟ್ಟೋದೂ ಇಂಥ ತೂತುಗಳಲ್ಲೇ.

ವೀಕೆಂಡ್ ಕ್ಲಾಸಿನಲ್ಲಿ ಬೆಳ್ಳಿ ಕೆಲಸ ಕಲೀತಿದ್ದೀನಿ ಅಂದಾಗ ಅಜ್ಜಿ ಸುಮ್ಮನೆ ಒಳಗೆ ಹೋಗಿ, ಡಬ್ಬಿಯಿಂದ ತುಂಡಾದ ಕಾಲ್ಗೆಜ್ಜೆ ತಂದು ಕೈಗಿಟ್ಟಿದ್ರು. “ಕರಗಿಸಿ ಏನಾದ್ರೂ ಮಾಡ್ಕೋ, ಸುಮ್ನೆ ಬಿದ್ದಿದೆ” ಅಂದ್ರು. ಕರಗಿಸಿ, ಸರಳು ಮಾಡಿ, ಎಳೆಯೋಕೆ ಶುರು ಮಾಡಿದೆ. 1 ಮಿ.ಮೀ. ತನಕ ಎಲ್ಲ ಸರಿ ಇತ್ತು. 0.9ರ ತೂತಿನಿಂದ ಆಚೆ ಬಂದ ಕಂಬಿಯ ಮೇಲೆ ಕೂದಲೆಳೆಯಂಥ ಒಂದು ಗೀರು. 0.7ಕ್ಕೆ ಬಂದಾಗ ಉಗುರು ತಗುಲುವಷ್ಟು ಆಳ. 0.5ರಲ್ಲಿ ಫಟ್ ಅಂತ ತುಂಡಾಯ್ತು. ಇನ್ನೊಂದು ಸಲ ಎಳೆದೆ, ಇನ್ನೊಂದು ಸಲ ತುಂಡು.

ಮೊದಲು ಬೈದುಕೊಂಡಿದ್ದು ನನ್ನನ್ನೇ. ಕಂಬಿ ಎಳೆದಷ್ಟೂ ಬಿರುಸಾಗುತ್ತೆ. ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಅರ್ಧಕ್ಕೆ ಇಳಿದಾಗ, ಅಂದ್ರೆ 2 ಮಿ.ಮೀ. ಕಂಬಿ 1.4ಕ್ಕೆ ಬಂದಾಗ, ಮಂದ ಕೆಂಪು ಬರೋವರೆಗೆ ಕಾಯಿಸಿ ಮೆತ್ತಗೆ ಮಾಡಬೇಕು. ಸರಿಯಾಗಿ ಕಾಯಿಸಲಿಲ್ವೇನೋ ಅಂದ್ಕೊಂಡೆ. ಆಮೇಲೆ ಬೆಳ್ಳಿಯನ್ನು ಬೈದೆ. ಹಳೇ ಗೆಜ್ಜೆಯಲ್ಲಿ ಬೆಸುಗೆ ಇರುತ್ತೆ, ಅದು ಕರಗಿ ಸೇರಿಕೊಂಡ್ರೆ ಕಂಬಿ ಮುರಿಯೋದು ಸಹಜ. ಅಜ್ಜಿ ಇಷ್ಟು ವರ್ಷ ಎತ್ತಿಟ್ಟಿದ್ದ ಬೆಳ್ಳಿ ಕಳಪೆ ಅಂತ ಮನಸ್ಸಲ್ಲೇ ತೀರ್ಪು ಕೊಟ್ಟುಬಿಟ್ಟೆ. ನನ್ನ ಐದು ಸ್ಟಾರಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ!

ಊರಿಗೆ ಹೋದಾಗ ತುಂಡುಗಳನ್ನೂ ಅಚ್ಚನ್ನೂ ನಮ್ಮ ಬೀದಿಯ ಆಚಾರ್ರಿಗೆ ತೋರಿಸಿದೆ. ಅವರು ಗೀರನ್ನು ಉಗುರಲ್ಲಿ ಸವರಿ, “ತಾಮ್ರ ಎಳೆದು ನೋಡಿದ್ಯೇನಮ್ಮ?” ಅಂದ್ರು. ಇಲ್ಲ. ಅವರೇ ಹೊಸ ತಾಮ್ರದ ತಂತಿ ಕಾಯಿಸಿ ಎಳೆದ್ರು. ಅದೇ 0.9ರ ತೂತು, ಅದೇ ಗೀರು. ಭೂತಗನ್ನಡಿಯಲ್ಲಿ ನೋಡಿದ್ರೆ ತೂತಿನ ಒಳಗೋಡೆಯಲ್ಲಿ ಡ್ರಿಲ್ ಬಿಟ್ಟುಹೋದ ಮುಳ್ಳು. ಪಾಲಿಶ್ ಅನ್ನೋದೇ ಇಲ್ಲ. ಬೆಳ್ಳಿ ಬಚಾವಾಯ್ತು, ನಾನೂ ಅರ್ಧ ಬಚಾವಾದೆ.

ಈಗ ನನ್ನ ರಿವ್ಯೂಗೆ ಬರೋಣ. ಪ್ಯಾಕಿಂಗ್, ಡೆಲಿವರಿ: ಇವು ಕೊರಿಯರ್‌ನ ವಿಮರ್ಶೆ, ಅಚ್ಚಿನದಲ್ಲ. ತೂಕ: ಮೆತ್ತನೆ ಕಬ್ಬಿಣಕ್ಕೂ ತೂಕ ಇರುತ್ತೆ. ಬೇಕಾದ್ದು ಗಡಸು. ಆದ್ರೆ ಅತಿ ದೊಡ್ಡ ತಪ್ಪು ನಾಲ್ಕನೇ ವಾಕ್ಯ, ಮೂವತ್ತು ತೂತು. ಫೋನ್ ಕೊಳ್ಳುವಾಗ ಮೆಗಾಪಿಕ್ಸೆಲ್ ಎಣಿಸ್ತೀವಲ್ಲ, ಅದೇ ಚಾಳಿ. ನೋಡಬೇಕಾದ್ದು ಒಂದು ತೂತಿನಿಂದ ಇನ್ನೊಂದಕ್ಕೆ ಎಷ್ಟು ಇಳಿಯುತ್ತೆ ಅನ್ನೋದು. ನನ್ನ ಅಚ್ಚಿನಲ್ಲಿ ಮೇಲಿಂದ ಕೆಳಗೆ ಎಲ್ಲ ಕಡೆ 0.1 ಮಿ.ಮೀ. ಅಂತರ. ನೋಡೋಕೆ ಎಷ್ಟು ಅಚ್ಚುಕಟ್ಟು! ಲೆಕ್ಕ ಹಾಕಿದ್ರೆ ಬಣ್ಣ ಬಯಲು. 2.0ರಿಂದ 1.9ಕ್ಕೆ ಹೋದ್ರೆ ಅಡ್ಡಕೊಯ್ತ ಇಳಿಯೋದು ಸುಮಾರು 10%. ಅದೇ 0.5ರಿಂದ 0.4ಕ್ಕೆ 36%! ಕಂಬಿ ಸಣ್ಣಗಾದಷ್ಟೂ ಮೆಟ್ಟಿಲೂ ಸಣ್ಣಗಾಗಬೇಕು. 0.5 ಆದ ಮೇಲೆ 0.45 ಇದ್ರೆ ಇಳಿಕೆ 19%ಕ್ಕೆ ನಿಲ್ಲುತ್ತೆ. ನಿಮಗೆ ಬೇಕಾದ ಅಳತೆಯ ಹತ್ತಿರ ಇಂಥ ಹದಿನೈದು ತೂತಿದ್ರೆ, ಮೂವತ್ತು ತೂತಿನ ಅಚ್ಚಿಗಿಂತ ಅದೇ ವಾಸಿ.

ನಾನು ಬರೀದೇ ಬಿಟ್ಟದ್ದೂ ಕಡಿಮೆಯೇನಲ್ಲ. ತೂತು ಹಿಂದಿನಿಂದ ಆಲಿಕೆಯ ಹಾಗೆ ಅಗಲವಾಗಿದ್ದು, ನುಣ್ಣಗೆ ಇಳಿದು, ಕೊನೆಗೆ ಅಳತೆಗೆ ಬರಬೇಕು. ನೇರ ಕೊರೆದ ತೂತು ಕಂಬಿಯನ್ನು ಒತ್ತಲ್ಲ, ಕೆರೆಯುತ್ತೆ. ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿದ ಅಚ್ಚು ಹೆಚ್ಚು ನುಣುಪು, ಹೆಚ್ಚು ಬಾಳಿಕೆ, ರೇಟೂ ಹೆಚ್ಚು. ಆದ್ರೆ ಕೈಜಾರಿ ನೆಲಕ್ಕೆ ಬಿದ್ರೆ ಚಕ್ಕೆ ಏಳಬಹುದು. ತಿಂಗಳಿಗೊಮ್ಮೆ ಎಳೆಯೋರಿಗೆ ಒಳ್ಳೇ ಉಕ್ಕೇ ಸಾಕು. ಮರದ್ದು, ಪ್ಲಾಸ್ಟಿಕ್‌ದು ಅಂತ ಅಗ್ಗದ ಅಚ್ಚುಗಳೂ ಇದೇ ಹೆಸರಲ್ಲಿ ಸಿಗುತ್ತವೆ. ಅವು ಹೆಣೆದ ಸರವನ್ನು ಎಳೆದು ಒಂದೇ ಸಮ ಮಾಡೋಕೆ. ಕಂಬಿ ಸಣ್ಣ ಮಾಡೋಕಲ್ಲ. ಇನ್ನು ಗೇಜ್ ನಂಬರ್ ನೋಡಿ ಕೊಳ್ಳಲೇಬೇಡಿ. ಅಮೆರಿಕದ ಅಳತೆಯಲ್ಲಿ 18 ಗೇಜ್ ಅಂದ್ರೆ 1.02 ಮಿ.ಮೀ., ಬ್ರಿಟಿಷ್ ಅಳತೆಯಲ್ಲಿ 1.22. ಮಿ.ಮೀ. ಕೆತ್ತಿದ್ದರೆ ಜಗಳವೇ ಇಲ್ಲ.

ಇದೆಲ್ಲ ಯಾಕೆ ಇಷ್ಟು ಮುಖ್ಯ? ಒಂದು ಸುತ್ತಿಗೆ ಕೆಟ್ಟದಾಗಿದ್ರೆ ಏಟು ಬಿದ್ದ ಕಡೆ ಮಾತ್ರ ಗುರುತು. ಅಚ್ಚಿನ ಒಂದು ಮುಳ್ಳು ಕಂಬಿಯ ಈ ತುದಿಯಿಂದ ಆ ತುದಿವರೆಗೂ ಗೀರುತ್ತೆ. ಹಳೇ ಒಡವೆ ಪರೀಕ್ಷಿಸೋ ತಜ್ಞರಿಗೆ ಈ ಉದ್ದುದ್ದ ಗೆರೆಗಳೇ ಸಾಕ್ಷಿ. ಪ್ರಾಚೀನ ಕಾಲದಲ್ಲಿ ತೆಳು ಪಟ್ಟಿಯನ್ನು ತಿರುಚಿ ಮಾಡ್ತಿದ್ದ ಕಂಬಿಯ ಮೇಲೆ ಸುತ್ತಿಕೊಂಡು ಹೋಗೋ ಗೆರೆ ಇರುತ್ತೆ. ಎಳೆದ ಕಂಬಿಯಲ್ಲಿ ನೇರ ಗೆರೆ. “ಪ್ರಾಚೀನ” ಅಂತ ಮಾರೋ ಒಡವೆಯಲ್ಲಿ ನೇರ ಗೆರೆ ಕಂಡ್ರೆ ಅವರ ಹುಬ್ಬು ಮೇಲೇಳುತ್ತೆ.

ನನ್ನಂಥವರ ರಿವ್ಯೂಗಳನ್ನು ಓದಿಯೇ ನಾನೂ ಕೊಂಡಿದ್ದೆ. ಮತ್ತೆ ಹೋಗಿ ಅವನ್ನೆಲ್ಲ ಓದಿದೆ. ಹೆಚ್ಚಿನವರು ಬಾಕ್ಸ್ ಬಿಚ್ಚಿದ ದಿನವೇ ಬರೆದಿದ್ದಾರೆ. ಒಬ್ಬರೂ ಕಂಬಿಯ ಫೋಟೋ ಹಾಕಿಲ್ಲ, ಅಚ್ಚಿನದೇ ಫೋಟೋ. ನಾವೆಲ್ಲ ಬರೆದದ್ದು ಕೊಂಡ ಖುಷಿಯನ್ನು, ಬಳಸಿದ ಅನುಭವವನ್ನಲ್ಲ. ಮಾರಿದವನದು ಒಂದು ತಪ್ಪಾದ್ರೆ, ನಮ್ಮದು ಇನ್ನೊಂದು.

ಆಚಾರ್ರು ಹೇಳಿದ ದಾರಿ ಸುಲಭ. “ಅಂಗಡಿಗೆ ಹೋಗುವಾಗ ಒಂದು ಗೇಣು ತಾಮ್ರದ ತಂತಿ ತಗೊಂಡು ಹೋಗಮ್ಮ. ಎಳೆದು ನೋಡೋಕೆ ಬಿಟ್ರೆ ಕೊಂಡ್ಕೋ. ಬಿಡಲ್ಲ ಅಂದ್ರೆ ಮುಂದಿನ ಅಂಗಡಿ.” ನಗರ್ತಪೇಟೆಯ ಗಲ್ಲಿಗಳಲ್ಲಿ ಮುಂದಿನ ಅಂಗಡಿಗೇನು ಕೊರತೆ? ಮುಂದಿನ ಶನಿವಾರ ಹೋಗ್ತಿದ್ದೀನಿ.

ಹಳೇ ರಿವ್ಯೂ ತಿದ್ದಿದ್ದೀನಿ. ಎರಡು ಸ್ಟಾರು, ಯಾಕಂದ್ರೆ 1 ಮಿ.ಮೀ. ಮೇಲಿನ ತೂತುಗಳು ನಿಜಕ್ಕೂ ಪರವಾಗಿಲ್ಲ. ಗೀರು ಬಿದ್ದ ಕಂಬಿಯ ಫೋಟೋನೂ ಹಾಕಿದ್ದೀನಿ. ಅಜ್ಜಿಯ ಬೆಳ್ಳಿ ಮತ್ತೆ ಸರಳಾಗಿ ಅದೇ ಡಬ್ಬಿಯಲ್ಲಿ ಕೂತಿದೆ. “ಆಯ್ತೇನೇ?” ಅಂತ ಅವರು ಮೊನ್ನೆ ಫೋನಲ್ಲಿ ಕೇಳಿದ್ರು. “ಇನ್ನೂ ಇಲ್ಲಜ್ಜಿ, ಬೆಳ್ಳಿ ಚೆನ್ನಾಗಿದೆ, ಅಚ್ಚು ಸರಿ ಇರಲಿಲ್ಲ” ಅಂದೆ. “ನಂಗೊತ್ತಿತ್ತು ಬಿಡು, ನಮ್ಮಪ್ಪ ಮಾಡಿಸಿಕೊಟ್ಟಿದ್ದು ಅದು” ಅಂದ್ರು.